ಮಾಸ್ಕಿನೊಳಗೆ ಒಂದು ಫಾಸ್ಟ್ ಲೋಕಲ್

ತಲೆ, ಕುತ್ತಿಗೆಯ ಭಾಗಕ್ಕೆ ರೇಡಿಯೇಶನ್ ಕೊಡುವ ಮುನ್ನ ಒಂದು ಮಾಸ್ಕ್ ಮಾಡುತ್ತಾರೆ. ಕೊರೋನಾ ಕಾಲದಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದೆವಲ್ಲ, ಅಂಥದ್ದಲ್ಲ. ಬಿಸಿನೀರಿನಲ್ಲಿ ಅದ್ದಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಎಳೆದು ಒತ್ತುತ್ತಾರೆ. ಹಣೆ, ಮೂಗು, ಗಲ್ಲ, ಭುಜ ಎಲ್ಲದರ ಅಚ್ಚು ಕೂತ ಮೇಲೆ ಅದು ತಣ್ಣಗಾಗಿ ಗಟ್ಟಿ ಜಾಲರಿಯಾಗುತ್ತದೆ. ಆಮೇಲೆ ಪ್ರತಿ ಸಲ ನಿಮ್ಮನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಆ ಜಾಲರಿಯನ್ನು ಮುಖಕ್ಕೆ ಹೊದಿಸಿ, ಅಂಚುಗಳನ್ನು ಮೇಜಿಗೇ ಕಟಕಟನೆ ಬಿಗಿದು, ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಾರೆ. ಬಾಯಿ ತೆರೆಯುವಂತಿಲ್ಲ. ತಲೆ ಅಲ್ಲಾಡಿಸುವಂತಿಲ್ಲ. ಎಂಜಲು ನುಂಗುವುದೂ ಕಷ್ಟ.

ಇಷ್ಟು ಓದಿಯೇ ನಿಮಗೆ ಎದೆ ಬಿಗಿದರೆ ಈ ಬರಹ ನಿಮಗಾಗಿಯೇ. ನನ್ನ ಚಿಕಿತ್ಸೆ ಮುಗಿದಿದೆ. ಸಾರಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳವಾಡುವಷ್ಟು ನಾಲಿಗೆ ವಾಪಸ್ಸು ಬಂದಿದೆ. ಆದರೆ ಆ ಮಾಸ್ಕಿಗೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟು ಓಡುವವಳಿದ್ದೆ ನಾನು. ಹೇಗೆ ಓಡಲಿಲ್ಲ ಎಂಬುದನ್ನಷ್ಟೇ ಹೇಳುತ್ತೇನೆ. ರೋಗದ ವಿವರ ಬೇಕಾದವರಿಗೆ ಡಾಕ್ಟರರಿದ್ದಾರೆ, ಗೂಗಲ್ ಇದೆ, ಅಕ್ಕಪಕ್ಕದ ಮನೆಯವರಂತೂ ಇದ್ದೇ ಇದ್ದಾರೆ.

ನನ್ನ ಹೆಸರು ಸುಮತಿ. ಹುಟ್ಟಿದ್ದು ಉಡುಪಿಯ ಹತ್ತಿರ. ಮದುವೆಯಾಗಿ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದವಳು ಇಲ್ಲೇ ತಲೆಕೂದಲು ಬಿಳಿ ಮಾಡಿಕೊಂಡೆ. ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಗಂಡ ಫೋರ್ಟಿನಲ್ಲೇ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ.

ಎಡಗಿವಿಯ ಕೆಳಗೆ ಸಣ್ಣ ಗಂಟೊಂದು ಕೈಗೆ ಸಿಕ್ಕಿದ್ದು ಓಲೆ ಹಾಕಿಕೊಳ್ಳುವಾಗ. ಅತ್ತೆ ಮಂಗನಬಾವು ಎಂದು ತೀರ್ಮಾನಿಸಿ ಗಂಧ ಅರೆದು ಹಚ್ಚಿದರು. ‘ಈ ವಯಸ್ಸಲ್ಲಿ ಮಂಗನಬಾವಾ ಅತ್ತೆ?’ ಎಂದರೆ, ‘ಮಂಗನಿಗೆ ವಯಸ್ಸುಂಟಾ?’ ಎಂದರು. ನೋವಿಲ್ಲದ ಗಂಟು, ಹಾಗಾಗಿ ನಾನೂ ಸುಮ್ಮನಿದ್ದೆ. ಅದು ಬೆಳೆಯಿತು. ಶಸ್ತ್ರಚಿಕಿತ್ಸೆಯಾಯಿತು, ಗಂಟನ್ನು ಪರೀಕ್ಷೆಗೆ ಕಳಿಸಿದರು, ಜೊಲ್ಲಿನ ಗ್ರಂಥಿಯ ಕ್ಯಾನ್ಸರ್ ಎಂದು ಬಂತು. ಕೇಳಿದವರೆಲ್ಲ ತಪ್ಪದೆ ಕೇಳಿದ ಪ್ರಶ್ನೆ ಒಂದೇ, ‘ತಂಬಾಕು ಹಾಕ್ತಿದ್ರಾ?’ ಮೊದಮೊದಲು ಇಲ್ಲ ಎನ್ನುತ್ತಿದ್ದೆ. ಆಮೇಲೆ ರೇಗಿ, ‘ಹೌದು, ನಿಮ್ಮ ಹತ್ತಿರ ಉಂಟಾದ್ರೆ ಸ್ವಲ್ಪ ಕೊಡಿ’ ಎನ್ನತೊಡಗಿದೆ. ಗಂಡ ಮಾತ್ರ ಏನೂ ಕೇಳಲಿಲ್ಲ. ಡಾಕ್ಟರರ ಕೋಣೆಯಿಂದ ಹೊರಗೆ ಬಂದು ನನ್ನ ಪರ್ಸನ್ನು ತಮ್ಮ ಹೆಗಲಿಗೆ ಹಾಕಿಕೊಂಡು ನಡೆದರು. ಜನ ನೋಡಿ ನಗುತ್ತಿದ್ದಾರೆ ಎಂದರೂ ಕೊಡಲಿಲ್ಲ.

ಅಲ್ಲಿಯವರೆಗೆ ನಾನು ಧೈರ್ಯವಂತೆ ಎಂದೇ ನಂಬಿದ್ದೆ. ಮಾಸ್ಕ್ ಬಿಗಿದ ಮೊದಲ ದಿನ ಆ ನಂಬಿಕೆ ಹೋಯಿತು. ಬಾಗಿಲು ಮುಚ್ಚಿದ ಸದ್ದಾದದ್ದೇ ತಡ, ಉಸಿರು ಸಿಗುತ್ತಿಲ್ಲ ಎನಿಸಿತು. ಜಾಲರಿಯಲ್ಲಿ ತೂತುಗಳಿವೆ, ಗಾಳಿ ಬರುತ್ತದೆ ಎಂದು ಬುದ್ಧಿಗೆ ಗೊತ್ತು. ಮೈ ಕೇಳಬೇಕಲ್ಲ! ಎರಡೂ ಕೈ ಎತ್ತಿ ಬೀಸಿದೆ, ಕಾಲು ಬಡಿದೆ. ಟೆಕ್ನಿಷಿಯನ್ ಶಬಾನಾ ಓಡಿ ಬಂದು ಬಿಚ್ಚಿದಳು. ‘ಆಂಟಿ, ಕುಛ್ ನಹೀ ಹುವಾ, ಕುಛ್ ನಹೀ ಹುವಾ’ ಎಂದು ಬೆನ್ನು ಸವರಿದಳು. ಮರುದಿನವೂ ಹಾಗೇ ಆಯಿತು. ಅದರ ಮರುದಿನ ಆಸ್ಪತ್ರೆಯ ಗೇಟಿನಲ್ಲೇ ಕಾಲು ನಿಂತಿತು. ‘ನಾನು ಬರೋದಿಲ್ಲ, ಏನಾಗ್ತದೋ ಆಗ್ಲಿ’ ಎಂದು ಗಂಡನಿಗೆ ಹೇಳಿಬಿಟ್ಟೆ.

ಡಾಕ್ಟರ್ ಸಿಟ್ಟಾಗಲಿಲ್ಲ. ಕೂರಿಸಿಕೊಂಡು ನೇರವಾಗಿ ಹೇಳಿದರು. ಅಲುಗಾಡಿದರೆ ಕಿರಣ ಬೀಳಬಾರದ ಕಡೆ ಬೀಳುತ್ತದೆ. ದಿನವೂ ಅರಿವಳಿಕೆ ಕೊಟ್ಟು ಮಲಗಿಸುವುದು ನನಗೆ ಒಳ್ಳೆಯದಲ್ಲ. ಬಿಟ್ಟರೆ, ಉಳಿದಿರಬಹುದಾದ ರೋಗ ತಲೆ ಎತ್ತುತ್ತದೆ. ಕೆಲವು ದಿನ ಸಮಯ ಕೊಡುತ್ತೇನೆ, ನಮ್ಮ ಕೌನ್ಸೆಲರನ್ನು ನೋಡಿ ಎಂದರು. ಅಂದರೆ ನಾನು ಬದುಕುವುದು ಬಿಡುವುದು, ಮೇಜಿನ ಮೇಲೆ ಅಲ್ಲಾಡದೆ ಮಲಗುತ್ತೇನೋ ಇಲ್ಲವೋ ಎಂಬುದರ ಮೇಲೆ ನಿಂತಿತು.

ಕೌನ್ಸೆಲರ್ ಮೃಣಾಲ್ ಎಂಬ ಮರಾಠಿ ಹುಡುಗಿ, ದೊಡ್ಡ ಕನ್ನಡಕದವಳು. ಅವಳಿಗೆ ಕನ್ನಡ ಬಾರದು, ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿನ ಮಟ್ಟದ್ದು. ಹಾಗಾಗಿ ನಮ್ಮ ಮಾತೆಲ್ಲ ಮುಂಬಯಿ ಹಿಂದಿಯಲ್ಲಿ. ನಿಮಗೆ ಸೆಲ್ಫ್ ಹಿಪ್ನೋಸಿಸ್ ಕಲಿಸುತ್ತೇನೆ ಎಂದಾಗ ನನಗೆ ನಗು ಬಂತು. ನಮ್ಮ ಕಾಲೊನಿಯ ಗಣಪತಿ ಮಂಟಪದಲ್ಲಿ ಒಮ್ಮೆ ಒಬ್ಬ ಸಮ್ಮೋಹನಕಾರ ಬಂದು ಬಿಲ್ಡಿಂಗಿನ ಸೆಕ್ರೆಟರಿಯಿಂದ ಕೋಳಿಯ ಹಾಗೆ ಕೂಗಿಸಿದ್ದ. ಆ ಮನುಷ್ಯನಿಗೆ ಇಂದಿಗೂ ಮಕ್ಕಳು ಮರ್ಯಾದೆ ಕೊಡುವುದಿಲ್ಲ. ಅದನ್ನು ಹೇಳಿದರೆ ಮೃಣಾಲ್ ಕೂಡ ನಕ್ಕಳು. ಇದು ಅದಲ್ಲ, ಇಲ್ಲಿ ಬೇರೆಯವರ ಹಿಡಿತವೇ ಇಲ್ಲ, ನೀವಾಗಿಯೇ ಒಳಗೆ ಹೋಗುತ್ತೀರಿ, ನೀವಾಗಿಯೇ ಹೊರಗೆ ಬರುತ್ತೀರಿ ಎಂದಳು.

ಮನೆಯಲ್ಲಿ ಹೇಳಿದೆ. ಗಂಡ, ‘ಅದನ್ನು ಕಲಿತು ನನ್ನ ಮೇಲೆ ಪ್ರಯೋಗ ಮಾಡ್ಬೇಡ ಮಾರಾಯ್ತಿ’ ಎಂದರು. ಅತ್ತೆ ಏನೂ ಹೇಳಲಿಲ್ಲ. ಅತ್ತೆ ಏನೂ ಹೇಳದಿದ್ದರೆ ಏನೋ ಇದೆ ಎಂದು ಅರ್ಥ.

ಮೊದಲ ಪಾಠಗಳು ಪೂರ್ತಿ ನೆಗೆದುಬಿದ್ದವು. ಕಣ್ಣು ಮುಚ್ಚಿ, ಉಸಿರು ಬಿಡುತ್ತಾ ಹೆಗಲು ಸಡಿಲಿಸಿ, ಒಂದು ನಿರ್ಜನ ಸಮುದ್ರ ತೀರವನ್ನು ನೆನೆಸಿಕೊಳ್ಳಿ ಎಂದಳು. ನಾನು ಕರಾವಳಿಯವಳು. ಕಡಲ ತೀರ ನಿರ್ಜನವಾಗಿದೆ ಎಂದರೆ ದೋಣಿಗೆ ಹೋದವರು ಬಂದಿಲ್ಲ ಎಂದೇ ನನ್ನ ಮನಸ್ಸಿಗೆ ಹೊಳೆಯುವುದು. ಎದೆ ಇನ್ನೂ ಜೋರಾಗಿ ಬಡಿದುಕೊಂಡಿತು. ಹಾಗಾದರೆ ಹಸಿರು ತೋಟ, ನೀವೊಬ್ಬರೇ ಇದ್ದೀರಿ ಎಂದಳು. ಒಬ್ಬಳೇ ಯಾಕಿದ್ದೇನೆ, ಮನೆಯವರಿಗೆ ಏನಾಯಿತು ಎಂದು ಚಿಂತೆ ಹತ್ತಿತು. ಕೊನೆಗೆ, ಮೆಟ್ಟಿಲು ಇಳಿಯುತ್ತಾ ಹೋಗಿ, ಇಳಿದಂತೆ ಹಗುರಾಗುತ್ತೀರಿ ಎಂದಳು. ನಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ, ನನ್ನದು ಮಂಡಿನೋವಿನ ದೇಹ. ನಾನು ಗೋಡೆ ಹಿಡಿದುಕೊಂಡೇ ಇಳಿದೆ.

ಆದರೂ ಮನೆಯಲ್ಲಿ ಅಭ್ಯಾಸ ಬಿಡಲಿಲ್ಲ. ಒಂದು ಬೆಳಿಗ್ಗೆ ದೇವರ ಗೂಡಿನ ಪಕ್ಕ ಚಾಪೆ ಹಾಸಿ, ಕಣ್ಣು ಮುಚ್ಚಿ, ಮೃಣಾಲ್ ಹೇಳಿಕೊಟ್ಟದ್ದನ್ನು ಗೊಣಗುತ್ತಾ ಕೂತಿದ್ದೆ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಮೈ ಸಣ್ಣಗೆ ತೂಗುತ್ತಿತ್ತೋ ಏನೋ. ಅಗರಬತ್ತಿಯ ವಾಸನೆ ಬಂತು. ಬಟ್ಟೆಯ ಸರಬರ ಹತ್ತಿರವೇ ಕೇಳಿಸಿತು. ಅರ್ಧ ಕಣ್ಣು ತೆರೆದು ನೋಡಿದರೆ ಅತ್ತೆ! ತಲೆಗೆ ಸೆರಗು ಹೊದ್ದು, ಕೈಯಲ್ಲಿ ನೀರಿನ ಚೊಂಬು ಹಿಡಿದು, ನನ್ನೆದುರು ಬಗ್ಗಿ ನಿಂತಿದ್ದಾರೆ. ನಮ್ಮ ಕಡೆ ದೈವ ಮೈಮೇಲೆ ಬಂದವರ ಎದುರು ಹಾಗೆ ನಿಲ್ಲುತ್ತಾರೆ. ನಿಂತು ಮನೆಯ ಕಷ್ಟವನ್ನು ಕೇಳುತ್ತಾರೆ.

‘ನಮ್ಮಿಂದ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಬೇಕು’ ಎಂದರು ಅತ್ತೆ. ನನ್ನೊಡನೆ ಎಂದೂ ಆಡದ ಮೆಲುದನಿ. ‘ಬೇರೆ ಎಂತದೂ ಕೇಳುದಿಲ್ಲ. ನಮ್ಮ ಸುಮತಿಯನ್ನು ನಮಗೆ ಬಿಟ್ಟು ಕೊಡ್ಬೇಕು. ನಾನು ಹೋಗುವವಳು ಇದ್ದೇನಲ್ಲ, ನನ್ನನ್ನು ಕೊಂಡುಹೋದ್ರೆ ಆಯ್ತು.’

ಈ ಹೆಂಗಸು ಮದುವೆಯಾದಾಗಿನಿಂದ ನನ್ನ ದೋಸೆಯಲ್ಲಿ ತೂತು ಕಡಿಮೆ ಎಂದು ಹೇಳುತ್ತಾ ಬಂದವರು. ‘ಅತ್ತೆ, ನಾನೇ’ ಎಂದೆ. ಅವರು ಬೆಚ್ಚಿಬಿದ್ದು ಚೊಂಬಿನ ನೀರನ್ನು ಅರ್ಧ ನನ್ನ ಮೇಲೆ, ಅರ್ಧ ಚಾಪೆಯ ಮೇಲೆ ಚೆಲ್ಲಿದರು. ‘ನೀನೇ ಅಂತ ಗೊತ್ತುಂಟು. ಸುಮ್ಮನೆ ನೋಡಿದ್ದು’ ಎಂದು ಒಳಗೆ ಹೋಗಿ ಪಾತ್ರೆ ಬಡಿಯತೊಡಗಿದರು. ನಾನು ಒದ್ದೆ ಚಾಪೆಯ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ಆಪರೇಶನ್ ಆದ ಮೇಲೆ ಅಷ್ಟು ಅತ್ತದ್ದು ಅದೇ ಮೊದಲು. ಸಾಯುವುದಕ್ಕೆ ನನಗೆ ಮನಸ್ಸಿಲ್ಲ ಎಂಬುದು ಆವತ್ತು ಸ್ಪಷ್ಟವಾಗಿ ಗೊತ್ತಾಯಿತು.

ಮುಂದಿನ ಭೇಟಿಯಲ್ಲಿ ಮೃಣಾಲ್ ಬೇರೆ ದಾರಿ ಹಿಡಿದಳು. ‘ಆಂಟಿ, ಆಪ್‌ಕೋ ನೀಂದ್ ಕಹಾಂ ಅಚ್ಛೀ ಆತೀ ಹೈ?’ ಎಂದು ಕೇಳಿದಳು. ನಿದ್ದೆ ಎಲ್ಲಿ ಚೆನ್ನಾಗಿ ಬರುತ್ತದೆ ಎಂದರೆ ಏನು ಹೇಳಲಿ? ಹಾಸಿಗೆಯಲ್ಲಂತೂ ಬರುವುದಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

‘ಟ್ರೇನ್ ಮೇಂ.’

‘ಬೈಠ್‌ಕೇ?’

‘ಸೀಟ್ ಕೌನ್ ದೇತಾ ಹೈ? ಖಡೇ ಖಡೇ.’ ನಿಂತುಕೊಂಡೇ.

ಅವಳು ಪೆನ್ನು ಕೆಳಗಿಟ್ಟಳು. ಅವಳೂ ಅದೇ ಲೈನಿನ ಕಲ್ಯಾಣದಿಂದ ರೈಲಿನಲ್ಲಿ ಬರುವವಳು, ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಲೇಡೀಸ್ ಡಬ್ಬಕ್ಕೆ, ಅಂದರೆ ಹೆಂಗಸರ ಬೋಗಿಗೆ, ಡೊಂಬಿವಲಿಯವರು ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ಒಳಗೆ ಹೋದ ಮೇಲೆ ಒಬ್ಬಳ ಬೆನ್ನು ನಿಮ್ಮ ಮೂಗಿಗೆ, ಇನ್ನೊಬ್ಬಳ ಮೊಣಕೈ ಪಕ್ಕೆಗೆ, ಮತ್ತೊಬ್ಬಳ ಊಟದ ಡಬ್ಬಿ ಸೊಂಟಕ್ಕೆ. ಕೈ ಕೆಳಗಿದ್ದರೆ ಕೆಳಗೇ, ಮೇಲಿದ್ದರೆ ಮೇಲೇ. ಮೂಗು ತುರಿಸಿದರೆ ಮುಂದಿನ ಸ್ಟೇಷನ್ ಠಾಣೆಯವರೆಗೆ ತುರಿಸುತ್ತಲೇ ಇರಬೇಕು. ಅಂಥ ಕಡೆ ನಾನು ವರ್ಷಗಟ್ಟಲೆ ಸುಖವಾಗಿ ನಿದ್ದೆ ಮಾಡಿದ್ದೇನೆ. ಕಾಲು ಸೋತರೂ ಭಯವಿಲ್ಲ, ಬೀಳಲು ಜಾಗವಿದ್ದರಲ್ಲವೇ ಬೀಳುವುದು? ನಿದ್ದೆ ಎಂದರೂ ಪೂರ್ತಿ ನಿದ್ದೆಯಲ್ಲ. ಮಾತು ಕೇಳಿಸುತ್ತಿರುತ್ತದೆ, ಸ್ಟೇಷನ್ ಗೊತ್ತಾಗುತ್ತಿರುತ್ತದೆ, ಇಳಿಯುವ ಹೊತ್ತಿಗೆ ಯಾರೂ ಎಬ್ಬಿಸದೆ ಎಚ್ಚರವಾಗುತ್ತದೆ.

‘ಆಂಟಿ, ಅದೇ ಟ್ರಾನ್ಸ್, ಹಿಪ್ನೋಸಿಸ್‌ನ ಮಂಪರು’ ಎಂದಳು ಮೃಣಾಲ್. ‘ನಿಮಗೆ ಆಗಲೇ ಬರುತ್ತದೆ. ನಾನು ಏನೇನೋ ಸಮುದ್ರ ತೋರಿಸುತ್ತಾ ಕೂತೆ.’ ಆಮೇಲೆ, ‘ಮಾಸ್ಕ್ ಭೀ ಭೀಡ್ ಹೀ ಹೈ. ಆಪ್‌ಕೋ ಪಕಡ್‌ಕೇ ರಖಾ ಹೈ’ ಎಂದಳು. ಮಾಸ್ಕ್ ಕೂಡ ಜನಜಂಗುಳಿಯೇ, ನಿಮ್ಮನ್ನು ಬೀಳದಂತೆ ಹಿಡಿದುಕೊಂಡಿದೆ.

ಅಲ್ಲಿಂದ ಪಾಠ ಸಲೀಸಾಯಿತು. ಹೆಬ್ಬೆರಳು ತೋರುಬೆರಳ ನಡುವೆ ಪರ್ಸಿನ ಪಟ್ಟಿ ಹಿಡಿದಂತೆ ಒತ್ತಿಕೊಳ್ಳುವುದು ಒಳಗೆ ಹೋಗುವ ಗುರುತು. ಉಸಿರು ಬಿಡುತ್ತಾ ಹೆಗಲು ಇಳಿಸುವುದು. ಪ್ಲಾಟ್‌ಫಾರ್ಮ್, ಗಾಡಿಯ ಗಾಳಿ, ಹಿಂದಿನಿಂದ ನೂಕು. ಮೃಣಾಲ್‌ಳ ಕೋಣೆಯ ಕುರ್ಚಿಯಲ್ಲಿ ಕೂತೇ ನಾನು ಡೊಂಬಿವಲಿ ಬಿಟ್ಟೆ. ಮುಂಬ್ರಾದ ಸುರಂಗ ದಾಟುವಷ್ಟರಲ್ಲಿ ಕೈಕಾಲು ಭಾರವಾಗಿ, ಮನಸ್ಸು ಎಲ್ಲೋ ದೂರ ಮೆತ್ತಗೆ ತೇಲುತ್ತಿತ್ತು. ಮನೆಯಲ್ಲಿ ಹಗಲೆಲ್ಲ ಅದನ್ನೇ ಮಾಡಿದೆ. ಕೊನೆಗೆ ಬೆರಳು ಒತ್ತಿದರೆ ಸಾಕು, ಬೇಕೆಂದಾಗ ಗಾಡಿ ಸಿಗತೊಡಗಿತು.

ಮತ್ತೆ ಮೇಜಿನ ಮೇಲೆ ಮಲಗಿದ ದಿನ ಶಬಾನಾ ಮಾಸ್ಕಿನ ಅಂಚುಗಳನ್ನು ಎರಡೆರಡು ಸಲ ನೋಡಿದಳು. ‘ಆಂಟಿ, ಹಿಲ್ನಾ ನಹೀ, ಹಾಂ?’ ಎಂದು ಅಲ್ಲಾಡದಿರಲು ಬೇಡಿಕೊಂಡಳು. ಮಾಸ್ಕ್ ಬಿಗಿಯಿತು. ಬಾಗಿಲು ಮುಚ್ಚಿತು. ಎದೆ ಹಳೇ ಚಾಳಿ ಶುರುಮಾಡುವ ಮೊದಲೇ ಬೆರಳು ಒತ್ತಿದೆ. ಮುಖಕ್ಕೆ ಒತ್ತಿದ್ದು ಜಾಲರಿಯಲ್ಲ, ಯಾವುದೋ ಹೆಂಗಸಿನ ಬೆನ್ನು ಎಂದುಕೊಂಡೆ. ಅದು ಬೆನ್ನೇ ಆಯಿತು. ಯಂತ್ರದ ಗುಂಯ್ ಸದ್ದು ಗಾಡಿಯ ಸದ್ದಿನೊಳಗೆ ಸೇರಿಹೋಯಿತು. ನನ್ನ ಚಿಕಿತ್ಸೆಯ ಹೊತ್ತು ಠಾಣೆಯಿಂದ ಘಾಟ್‌ಕೋಪರಿಗೆ ಹೋಗುವಷ್ಟು ಹೊತ್ತಿಗೆ ಸರಿಹೊಂದುತ್ತಿತ್ತು. ಘಾಟ್‌ಕೋಪರಿನಲ್ಲಿ ಇಳಿಯುವವರು ನನ್ನನ್ನೂ ಸೇರಿಸಿ ನೂಕಿದರು, ಕಣ್ಣು ಬಿಟ್ಟರೆ ಶಬಾನಾ ಬಿಚ್ಚುತ್ತಿದ್ದಳು. ‘ಹೋ ಗಯಾ!’ ಎಂದು ಅವಳೇ ಚಪ್ಪಾಳೆ ತಟ್ಟಿದಳು. ಹೊರಗೆ ಬೆಂಚಿನ ಮೇಲಿದ್ದ ಗಂಡನಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ಎದ್ದು ನಿಂತರು, ಮತ್ತೆ ಕೂತರು, ಮತ್ತೆ ಎದ್ದರು.

ವಾರಗಳು ಉರುಳಿದಂತೆ ಬಾಯಿ ಹುಣ್ಣಾಯಿತು, ಕುತ್ತಿಗೆ ಕಪ್ಪಾಗಿ ಉರಿಯಿತು, ರುಚಿ ಎಂಬುದು ಸತ್ತೇಹೋಯಿತು. ಗಂಜಿಯೂ ತಿಳಿಸಾರೂ ಒಂದೇ, ಎರಡೂ ಮಣ್ಣು. ಒಂದು ವಿಚಿತ್ರ ಮಾತ್ರ ನಡೆಯಿತು. ಮಾಸ್ಕಿನೊಳಗಿನ ಗಾಡಿಯಲ್ಲಿ ನನಗೆ ಎಲ್ಲ ವಾಸನೆಗಳೂ ಬರುತ್ತಿದ್ದವು. ಮಲ್ಲಿಗೆ, ತಲೆಗೆ ಹಚ್ಚಿದ ಎಣ್ಣೆ, ಪಕ್ಕದವಳ ಡಬ್ಬಿಯ ಬಟಾಟೆ ಪಲ್ಯದ ಒಗ್ಗರಣೆ. ಹೊರಗೆ ಸಿಗದ ಒಗ್ಗರಣೆಗಾಗಿ ನಾನು ಚಿಕಿತ್ಸೆಯ ಹೊತ್ತನ್ನು ಕಾಯತೊಡಗಿದೆ ಎಂದರೆ ನೀವು ನಂಬಬೇಕು.

ಒಂದು ದಿನ ನಡುವೆಯೇ ಯಂತ್ರ ನಿಂತಿತು. ಕರೆಂಟಿನ ಏನೋ ತೊಂದರೆ. ನಾನು ಮಾಸ್ಕಿನೊಳಗೆ, ಮೇಜಿಗೆ ಬಿಗಿದುಕೊಂಡು. ಮೊದಲಿನ ಸುಮತಿಯಾಗಿದ್ದರೆ ಎದೆ ಒಡೆದೇ ಸಾಯುತ್ತಿದ್ದಳು. ಆದರೆ ಎರಡು ಸ್ಟೇಷನ್ನುಗಳ ಮಧ್ಯೆ ಗಾಡಿ ನಿಲ್ಲುವುದು ನಮಗೆ ಹೊಸದೇ? ಡಬ್ಬದೊಳಗೆ ಎಲ್ಲರೂ ಒಂದು ಸಲ ಚ್ಚು ಎಂದರು, ಒಬ್ಬಳು ಆಫೀಸಿಗೆ ಫೋನ್ ಮಾಡಿ ಲೇಟಾಗುತ್ತದೆ ಎಂದಳು, ಮತ್ತೊಬ್ಬಳು ನಿಲ್ಲಿಸಿದ್ದ ಸೊಸೆಯ ಕಥೆ ಮುಂದುವರಿಸಿದಳು. ನಾನು ಕಥೆ ಕೇಳುತ್ತಾ ನಿಂತೆ. ಶಬಾನಾ ಗಾಬರಿಯಾಗಿ ಬಂದು ಮಾಸ್ಕ್ ತೆಗೆದು, ‘ಆಂಟಿ, ಠೀಕ್ ಹೋ ನಾ?’ ಎಂದರೆ, ‘ಸಿಗ್ನಲ್ ಮಿಲಾ ಕ್ಯಾ, ಸಿಗ್ನಲ್ ಸಿಕ್ಕಿತಾ?’ ಎಂದು ಕೇಳಿದೆನಂತೆ. ಇಡೀ ವಿಭಾಗದಲ್ಲಿ ಅದೇ ಸುದ್ದಿಯಾಯಿತು. ನಾನು ಗೆದ್ದೆ ಎಂದುಕೊಂಡೆ.

ಎಡವಿದ್ದು ಅದರ ನಂತರ. ಬೇಕೆಂದಾಗ ಹೋಗಲು ಬಂದ ಮೇಲೆ, ಬೇಡವಾದಾಗಲೆಲ್ಲ ಹೋಗತೊಡಗಿದೆ. ಗಂಜಿ ಕುಡಿಯುವಾಗ ಉರಿದರೆ ಬೆರಳು ಒತ್ತು. ನೋಡಲು ಬಂದವರು ಅಯ್ಯೋ ಪಾಪ ಎಂದರೆ ಬೆರಳು ಒತ್ತು. ಗಂಡ ಬಟ್ಟಲು ಹಿಡಿದು ಎದುರು ಕೂತಿರುತ್ತಿದ್ದರು, ನಾನು ಇರುತ್ತಿರಲಿಲ್ಲ. ‘ಸುಮತೀ’ ಎಂದು ಕರೆಯುವುದು ಕೇಳಿಸುತ್ತಿತ್ತು. ಓಗೊಡಲು ಮನಸ್ಸಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲೂ ಹಾಗೇ ಆಯಿತು. ಒಂದು ದಿನ ಶಬಾನಾ ಮಾಸ್ಕ್ ತೆಗೆದು ಎಷ್ಟು ಕರೆದರೂ ನಾನು ಕಣ್ಣು ಬಿಡಲಿಲ್ಲ. ಗಾಬರಿಯಾಗಿ ಮೃಣಾಲ್‌ಳನ್ನು ಕರೆಸಿದರು. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, ಟ್ರಾನ್ಸಿನಲ್ಲಿ ಯಾರೂ ಸಿಕ್ಕಿಕೊಳ್ಳುವುದಿಲ್ಲ ಆಂಟಿ, ನೀವೇ ಇಳಿಯುತ್ತಿಲ್ಲ ಎಂದಳು. ನಿಜವಾದ ಮಾತು. ಕಣ್ಣು ಬಿಟ್ಟೆ. ಕಣ್ಣು ಬಿಟ್ಟದ್ದಕ್ಕೆ ದುಃಖವಾಯಿತು. ಇಳಿದು ಹೋಗುವುದಾದರೂ ಎಲ್ಲಿಗೆ? ಸುಟ್ಟ ಕುತ್ತಿಗೆ, ಹುಣ್ಣು ಬಾಯಿ, ಮುಂದೇನೋ ಎಂಬ ಭಯ, ಇವೇ ತಾನೇ?

ಆ ಮಧ್ಯಾಹ್ನ ಗಂಡನೂ ನಾನೂ ವಾಪಸ್ಸು ಬರುತ್ತಿದ್ದೆವು. ಜನಜಂಗುಳಿಗೆ ಹೋಗಬೇಡಿ ಎಂದು ಡಾಕ್ಟರ್ ಹೇಳಿದ್ದರಿಂದ ನಮ್ಮ ಪ್ರಯಾಣ ಮಧ್ಯಾಹ್ನದ ಖಾಲಿ ಗಾಡಿಯಲ್ಲಿ. ಕಿಟಕಿಯ ಬದಿ ಎದುರುಬದುರು ಕೂತಿದ್ದೆವು. ನಾನು ಬೆರಳು ಕೂಡಿಸುವುದನ್ನು ಅವರು ನೋಡಿದರು.

‘ಸುಮತಿ, ಒಂದು ಕೇಳ್ಲಾ?’

‘ಎಂತ?’

‘ನೀನು ಅಲ್ಲಿಗೆ ಹೋಗ್ತೀಯಲ್ಲ. ಅಲ್ಲಿ ನಾನು ಇರ್ತೇನಾ?’

ಸುಳ್ಳು ಹೇಳಬಹುದಿತ್ತು. ಆದರೆ ಮಾತಾಡಲು ನೋವಾಗುವ ಬಾಯಿಯಲ್ಲಿ ಸುಳ್ಳು ಯಾಕೆ ಆಡಲಿ? ‘ಇಲ್ಲ’ ಎಂದೆ. ‘ಅದು ಲೇಡೀಸ್ ಡಬ್ಬ.’

‘ಹ್ಞಾ. ಅದೂ ಹೌದು’ ಎಂದು ಕಿಟಕಿಯ ಹೊರಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹೋಟೆಲಿನಲ್ಲಿ ಗಿರಾಕಿಗೆ ಟೇಬಲ್ ತೋರಿಸುವಾಗಿನ ಅದೇ ಸಮಾಧಾನದ ದನಿಯಲ್ಲಿ ಹೇಳಿದರು. ‘ಹಾಗಾದ್ರೆ ನೀನು ಇಳಿಯುವಲ್ಲಿ ನಿಂತಿರ್ತೇನೆ. ನೀನು ಇಳಿದು ಬಾ, ಆಯ್ತಾ?’

ಈ ಮನುಷ್ಯ ನಮ್ಮ ಮದುವೆಯಾದಾಗಿನಿಂದ ಒಂದು ದಿನವೂ ನನಗಾಗಿ ಸ್ಟೇಷನ್ನಿನಲ್ಲಿ ನಿಂತವರಲ್ಲ. ನಿಲ್ಲಲು ಪುರುಸೊತ್ತೇ ಇರಲಿಲ್ಲ. ಹೋಟೆಲಿನ ಬಾಗಿಲು ತೆಗೆಯಲು ಅವರು ನಸುಕಿನ ಗಾಡಿ ಹಿಡಿಯುವವರು, ನಾನು ಅಡುಗೆ ಮುಗಿಸಿ ಆಮೇಲಿನದು. ಒಂದೇ ಫೋರ್ಟಿಗೆ ಹೋಗಿ ಬರುವವರು, ಈ ಕಾಯಿಲೆ ಬರುವವರೆಗೆ ಒಂದೇ ಗಾಡಿಯಲ್ಲಿ ಕೂತವರಲ್ಲ. ನಾನು ಅವರ ಮಂಡಿಯ ಮೇಲೆ ಕೈ ಇಟ್ಟೆ. ಮನೆ ಬರುವವರೆಗೆ ಬೆರಳು ಒತ್ತಲಿಲ್ಲ.

ಮರುದಿನ ಎಂದಿನಂತೆ ಮಾಸ್ಕ್ ಬಿಗಿದರು, ಎಂದಿನಂತೆ ಠಾಣೆ ಬಿಟ್ಟೆ. ಡಬ್ಬ ತುಂಬಿತ್ತು, ಎಲ್ಲರೂ ಇದ್ದರು, ಒಗ್ಗರಣೆಯ ವಾಸನೆಯೂ ಇತ್ತು. ಘಾಟ್‌ಕೋಪರ್ ಹತ್ತಿರವಾಗಿ ಗಾಡಿ ನಿಧಾನಿಸಿತು. ಜನರ ತಲೆಗಳ ಸಂದಿಯಿಂದ ಪ್ಲಾಟ್‌ಫಾರ್ಮ್ ಕಾಣಿಸಿತು. ಸರಿಯಾಗಿ ಲೇಡೀಸ್ ಡಬ್ಬ ನಿಲ್ಲುವಲ್ಲೇ, ಗಂಡಸರು ನಿಂತರೆ ಬೈಸಿಕೊಳ್ಳುವ ಜಾಗದಲ್ಲಿ, ಗಂಜಿಯ ಥರ್ಮಾಸ್ ಹಿಡಿದುಕೊಂಡು ಇವರು. ‘ಓ ಅಂಕಲ್, ಲೇಡೀಸ್ ಹೈ, ಹಟೋ!’ ಎಂದು ಬಾಗಿಲಿನವರೆಲ್ಲ ಕೂಗುತ್ತಿದ್ದಾರೆ. ಇವರು ಅಲ್ಲಾಡುತ್ತಿಲ್ಲ. ಒಂದೊಂದೇ ಮುಖ ನೋಡುತ್ತಾ ನನ್ನನ್ನು ಹುಡುಕುತ್ತಿದ್ದಾರೆ. ಆವತ್ತು ಯಾರೂ ನನ್ನನ್ನು ನೂಕಬೇಕಾಗಲಿಲ್ಲ. ‘ಉತರ್‌ನಾ ಹೈ, ಉತರ್‌ನಾ ಹೈ’, ಇಳಿಯಬೇಕು ಎನ್ನುತ್ತಾ ನಾನೇ ದಾರಿ ಮಾಡಿಕೊಂಡು ಬಾಗಿಲಿಗೆ ಬಂದೆ.

ಶಬಾನಾ ಬಾಗಿಲು ತೆರೆದು ಬರುವಷ್ಟರಲ್ಲಿ ನನಗೆ ಪೂರ್ತಿ ಎಚ್ಚರವಾಗಿತ್ತು. ಹೊರಗೆ ಬಂದೆ. ಇವರು ಬೆಂಚಿನಲ್ಲಿ ಕೂತಿರಲಿಲ್ಲ. ಬಾಗಿಲಿನ ಎದುರಿಗೇ, ಸ್ಟ್ರೆಚರಿನವರಿಗೆಲ್ಲ ಅಡ್ಡವಾಗಿ ನಿಂತಿದ್ದರು.

‘ಇವತ್ತು ಬೇಗ ಬಂದೆ’ ಎಂದರು.

‘ನೀವು ನಿಂತಿದ್ರಲ್ಲ’ ಎಂದೆ.